ದುಡಿಮೆ ಅಮ್ಮನದು, ಸ್ಕ್ಯಾನರ್ ಮಗನ ಹೆಸರಲ್ಲಿ. ನಿಮ್ಮ ಊರಲ್ಲೂ ಹೀಗೇನಾ?

ಮಂಡಿ_ಮೊಹಲ್ಲಾ (ಚರ್ಚೆ ಶುರು ಮಾಡಿದವರು)

ಮೈಸೂರಿನ ನಮ್ಮ ಕಡೆ ರಂಜಾನ್ ಹತ್ತಿರ ಬಂತು ಅಂದರೆ ಗಲ್ಲಿಗೆರಡು ಮನೆಯಲ್ಲಿ ಸಮೋಸಾ ಪಟ್ಟಿ ಮಾಡುತ್ತಾರೆ. ಮೈದಾ ತೆಳ್ಳಗೆ ಲಟ್ಟಿಸಿ, ಕಾವಲಿ ಮೇಲೆ ಅರೆಬರೆ ಬೇಯಿಸಿ, ಉದ್ದುದ್ದ ಕತ್ತರಿಸಿ, ಕವರಿಗೆ ಹಾಕಿ ಮಾರುತ್ತಾರೆ. ಮಿಕ್ಕ ತಿಂಗಳಲ್ಲಿ ಅದೇ ಹೆಂಗಸರು ಬ್ಲೌಸ್ ಹೊಲಿಯುತ್ತಾರೆ, ಆರಿ ವರ್ಕ್ ಮಾಡುತ್ತಾರೆ, ಉಪ್ಪಿನಕಾಯಿ ಹಾಕುತ್ತಾರೆ, ಮದುವೆ ಮನೆಗಳಿಗೆ ಹೋಗಿ ಮೆಹಂದಿ ಹಾಕುತ್ತಾರೆ. ಈಗ ಹೆಚ್ಚುಕಡಿಮೆ ಎಲ್ಲರ ಬಾಗಿಲಲ್ಲೂ ಒಂದು ಕ್ಯೂಆರ್ ಸ್ಟಿಕ್ಕರ್ ಇದೆ. ಒಳ್ಳೆಯದೇ. ಆದರೆ ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತದೆ ಅಂತ ಒಮ್ಮೆ ನೋಡಿ. ಮಗ, ತಮ್ಮ, ಇಲ್ಲಾ ಅಳಿಯ.

ನಮ್ಮ ಎದುರು ಮನೆಯ ಆಪಾ (ಅಕ್ಕ) ಕಥೆ ಕೇಳಿ. ಸ್ಟಿಕ್ಕರ್ ಮಗನ ಖಾತೆಯದು. ಮಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ. ಗಿರಾಕಿ ಸ್ಕ್ಯಾನ್ ಮಾಡಿ "ಹೋಯ್ತು ಆಪಾ" ಅಂತ ಫೋನ್ ತಿರುಗಿಸಿ ತೋರಿಸುತ್ತಾರೆ. ಆಪಾ ಹಸಿರು ಟಿಕ್ ನೋಡಿ ಕವರ್ ಕೊಡುತ್ತಾರೆ. ಬ್ಯಾಂಕಿನ ಮೆಸೇಜ್ ಬೆಂಗಳೂರಿಗೆ ಹೋಗಿರುತ್ತದೆ. ರಾತ್ರಿ ಮಗನಿಗೆ ಫೋನ್ ಮಾಡಿ "ಇವತ್ತು ಎಷ್ಟು ಬಂತಪ್ಪ" ಅಂತ ಕೇಳಬೇಕು. ಮೈದಾ ತರಲು ದುಡ್ಡು ಬೇಕಂದರೆ ಅವನೇ ಕಳಿಸಬೇಕು. ಹುಡುಗ ಚಿನ್ನದಂಥವನು, ಒಂದು ರೂಪಾಯಿ ಮುಟ್ಟಲ್ಲ. ಆದರೂ ತಾನು ದುಡಿದದ್ದನ್ನು ತಾನೇ ಕೇಳಿ ಪಡೆಯುವ ಹಾಗಾಯಿತಲ್ಲ ಅನ್ನೋದು ನನ್ನ ಸಂಕಟ. ನೋಟಿನ ಕಾಲದಲ್ಲಿ ದುಡ್ಡು ಅಕ್ಕಿ ಡಬ್ಬಿಯ ತಳದಲ್ಲೇ ಇದ್ದರೂ ಅದು ಆಪಾ ಕೈಗೆ ಸಿಗುವ ಜಾಗದಲ್ಲಿತ್ತು.

ಮುಸ್ಲಿಮರ ಸ್ಥಿತಿಗತಿ ನೋಡಿದ 2006ರ ಸಾಚಾರ್ ಸಮಿತಿ ವರದಿಯಲ್ಲಿ ಒಂದು ಅಂಕಿ ಇದೆ. ದುಡಿಯುವ ಮುಸ್ಲಿಂ ಹೆಂಗಸರಲ್ಲಿ ನೂರಕ್ಕೆ 70 ಮಂದಿ ಮನೆಯೊಳಗೇ ಕೆಲಸ ಮಾಡುವವರು. ಎಲ್ಲರನ್ನೂ ಸೇರಿಸಿ ನೋಡಿದರೆ ಅದು 51. ಹಾಗಾಗಿ ಫೋನಿಗೆ ದುಡ್ಡು ಬರುವ ಈ ಹೊಸ ವ್ಯವಸ್ಥೆಯಿಂದ ಎಲ್ಲರಿಗಿಂತ ಜಾಸ್ತಿ ಲಾಭ ಆಗಬೇಕಾದದ್ದು ಇವರಿಗೇ. ಹೊರಗೆ ಹೋಗದೆ, ಅಂಗಡಿ ಬಾಡಿಗೆ ಕೊಡದೆ, ದಲ್ಲಾಳಿ ಇಲ್ಲದೆ ವ್ಯಾಪಾರ ಮಾಡಬಹುದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ದೇಶದಲ್ಲಿ ತಾವೇ ಬಳಸುವ ಬ್ಯಾಂಕ್ ಖಾತೆ ಇರುವ ಹೆಂಗಸರು ಸುಮಾರು 79%, ತಾವೇ ಬಳಸುವ ಮೊಬೈಲ್ ಇರುವವರು ಸುಮಾರು 54% ಮಾತ್ರ. ನಡುವಿನ ಆ ಸಂದಿಯಲ್ಲೇ ಮಗನ ಸ್ಟಿಕ್ಕರ್ ಬಂದು ಕೂತಿರುವುದು.

ನಿಮ್ಮ ಊರಲ್ಲಿ ಹೇಗಿದೆ? ಯಾರಾದರೂ ಇದನ್ನು ಬದಲಾಯಿಸಿದ್ದೀರಾ?

ಹುಬ್ಬಳ್ಳಿ_ಹುಡುಗ

ನಾನು ಆ ಥರದ ಮಗನೇ. ಅಮ್ಮಿ ಬಿರಿಯಾನಿ ಆರ್ಡರ್ ತಗೊಳ್ಳುತ್ತಾರೆ. ಇನ್‌ಸ್ಟಾಗ್ರಾಂ ಪೇಜ್ ನನ್ನದು, ವಾಟ್ಸಾಪ್ ಬಿಸಿನೆಸ್ ನನ್ನದು, ಸ್ಕ್ಯಾನರ್ ನನ್ನದು. ಆರ್ಡರ್ ನೋಡೋದು, ಡೆಲಿವರಿ ಹುಡುಗನನ್ನು ಕಳಿಸೋದು, ದುಡ್ಡು ಬಂತಾ ಅಂತ ನೋಡೋದು ಎಲ್ಲ ನಾನೇ. ಅಮ್ಮಿಗೆ ಪಿನ್ ನೆನಪಿರಲ್ಲ. ಯಾರೋ ಫೋನ್ ಮಾಡಿ ಓಟಿಪಿ ಕೇಳಿದರೆ ಕೊಟ್ಟುಬಿಡುತ್ತಾರೆ ಅನ್ನೋ ಭಯ ನನಗೆ. ಮನೆ ಒಂದೇ ಆಗಿರುವಾಗ ಖಾತೆ ಯಾರದಾದರೇನು? ಇದನ್ನು ಅನ್ಯಾಯ ಅಂತ ಕರೆಯೋದು ನನಗೆ ಸರಿ ಕಾಣಲ್ಲ.

ಲೆಕ್ಕ_ಪುಸ್ತಕ

ತೆರಿಗೆ ಲೆಕ್ಕ ಬರೆಯೋದು ನನ್ನ ಕೆಲಸ. ಹುಬ್ಬಳ್ಳಿ ತಮ್ಮಾ, ಪ್ರೀತಿಯ ಮಾತು ಒಂದು ಕಡೆ ಇರಲಿ, ಪ್ಯಾನ್ ಕಾರ್ಡ್ ಮಾತು ಕೇಳು.

2025ರ ಜುಲೈ ನೆನಪಿದೆಯಾ? ಯುಪಿಐಯಲ್ಲಿ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಮುಂದೆಲ್ಲ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನೋ ಚೀಟಿ ಬಂತು. ಬಂದ್ ಮಾಡುತ್ತೇವೆ ಅಂದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೆಯ ಬಾಕಿ ವಸೂಲಿ ಮಾಡಲ್ಲ ಅಂದ ಮೇಲೆ ತಣ್ಣಗಾಯಿತು. ಆ ವಾರ ನನ್ನ ಹತ್ತಿರ ಬಂದವರಲ್ಲಿ ಮನೆಯಿಂದ ವ್ಯಾಪಾರ ಮಾಡುವ ಹೆಂಗಸರೂ ಇದ್ದರು. ಅವರಿಗೆ ನೋಟಿಸೇ ಬಂದಿರಲಿಲ್ಲ, ಭಯ ಬಂದಿತ್ತು. ಸ್ಟಿಕ್ಕರ್ ಕಿತ್ತು ಹಾಕಿ ಬಂದಿದ್ದರು.

ನಿಯಮ ಇಷ್ಟೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆಗೆ 20 ಲಕ್ಷ. ಸಮೋಸಾ ಪಟ್ಟಿ ಮಾರೋದು ಸರಕು. ಬಿರಿಯಾನಿ ಆರ್ಡರ್, ಹೊಲಿಗೆ, ಮೆಹಂದಿ ಸೇವೆ. ಮನೆಯಲ್ಲಿ ಒಬ್ಬರೇ ದುಡಿಯುವ ಹೆಚ್ಚಿನವರು ಈ ಗೆರೆಯ ಹತ್ತಿರವೂ ಇರಲ್ಲ. ಆದರೆ ಅಮ್ಮನ ವ್ಯಾಪಾರ, ಮಗನ ಸಂಬಳ, ಗೆಳೆಯರ ಜೊತೆ ಹಂಚಿಕೊಂಡ ಟ್ರಿಪ್ ಖರ್ಚು ಎಲ್ಲ ಒಂದೇ ಖಾತೆಯಲ್ಲಿ ಬಿದ್ದರೆ ಯಾವುದು ಯಾವುದು ಅಂತ ಯಾರು ಬಿಡಿಸುತ್ತಾರೆ? ನೋಟಿಸ್ ಬಂದರೆ ನಿನ್ನ ಹೆಸರಿಗೆ ಬರುತ್ತದೆ.

ಇನ್ನೊಂದು ಲೆಕ್ಕ. ಅಮ್ಮಿ ವರ್ಷಕ್ಕೆ 8 ಲಕ್ಷದ ವ್ಯಾಪಾರ ಮಾಡುತ್ತಾರೆ ಅಂತ ಇಟ್ಟುಕೋ. ಆದಾಯ ತೆರಿಗೆಯ ಅಂದಾಜು ಲಾಭದ ನಿಯಮದಲ್ಲಿ ಬ್ಯಾಂಕ್ ಮೂಲಕ ಬಂದ ವ್ಯಾಪಾರಕ್ಕೆ ಕನಿಷ್ಠ 6% ಲಾಭ ತೋರಿಸಬೇಕು. ನಗದಿಗೆ 8%. ಲಾಭ ಅಷ್ಟು ಕಡಿಮೆ ಇರೋದರಿಂದ ಅವರದೇ ಹೆಸರಲ್ಲಿದ್ದರೆ ತೆರಿಗೆಯ ಮಾತೇ ಬರಲ್ಲ. ನಿನ್ನ ಖಾತೆಯಲ್ಲಿದ್ದರೆ ನಿನ್ನ ಸಂಬಳದ ಮೇಲೆ ಕೂತುಕೊಳ್ಳುತ್ತದೆ. ನಾಳೆ ಅವರು ಮುದ್ರಾ ಸಾಲಕ್ಕೆ ಹೋದರೆ ಬ್ಯಾಂಕಿನವರು ಕೇಳೋದು ಅವರ ಹೆಸರಿನ ಸ್ಟೇಟ್‌ಮೆಂಟ್. ಅದರಲ್ಲಿ ಏನಿರುತ್ತೆ? ಗೃಹಲಕ್ಷ್ಮಿಯ 2,000 ರೂಪಾಯಿ, ಅಷ್ಟೇ. ಇಷ್ಟು ವರ್ಷ ವ್ಯಾಪಾರ ಮಾಡಿದ ಗುರುತೇ ಇರಲ್ಲ.

ಕಲಬುರಗಿ_ಟೀಚರ್

"ಮನೆ ಒಂದೇ ಅಲ್ವಾ" ಅನ್ನೋ ಮಾತಿಗೆ ನಾನು ಬೇರೆ ಕಡೆಯಿಂದ ಉತ್ತರ ಕೊಡುತ್ತೇನೆ. ನಮ್ಮ ದೀನ್ (ಧರ್ಮ) ಏನು ಹೇಳುತ್ತದೆ? ಕುರಾನಿನ ಸೂರಾ ನಿಸಾದ 32ನೇ ಆಯತ್‌ನಲ್ಲಿ ಗಂಡಸರು ಗಳಿಸಿದ್ದರಲ್ಲಿ ಅವರಿಗೆ ಪಾಲು, ಹೆಂಗಸರು ಗಳಿಸಿದ್ದರಲ್ಲಿ ಅವರಿಗೆ ಪಾಲು ಅಂತ ಸ್ಪಷ್ಟವಾಗಿ ಇದೆ. ಮನೆ ನಡೆಸುವ ಹೊಣೆ ಗಂಡನದು. ಹೆಂಡತಿಯ ದುಡಿಮೆ, ಮೆಹರ್ (ಮದುವೆಯಲ್ಲಿ ಗಂಡ ಕೊಡುವ ಹಣ), ತವರಿನ ಪಾಲು ಅವಳದೇ. ಪ್ರವಾದಿಯವರ ಪತ್ನಿ ಬೀಬಿ ಖದೀಜಾ ಮಕ್ಕಾದ ದೊಡ್ಡ ವ್ಯಾಪಾರಿ. ಅವರ ಸರಕು ಬೇರೆಯವರು ಒಯ್ದು ಮಾರಿದರು, ಬಂಡವಾಳ ಅವರದಾಗಿತ್ತು. ಇದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ, ಆದರೆ ಮನೆಯ ಸ್ಕ್ಯಾನರ್ ವಿಷಯ ಬಂದಾಗ ನೆನಪಾಗಲ್ಲ.

ಜಕಾತ್ ಅಂದರೆ ಕಡ್ಡಾಯ ದಾನದ ಲೆಕ್ಕ ನೋಡಿ. ನಿಸಾಬ್ (ಜಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ದಾಟಿದ ಹಣ ಒಂದು ಚಾಂದ್ರಮಾನ ವರ್ಷ ಇದ್ದರೆ ಎರಡೂವರೆ ಪರ್ಸೆಂಟ್ ಕೊಡಬೇಕು. ಅದು ಹಣದ ಒಡತಿಯ ಹೊಣೆ. ಆಪಾ ದುಡ್ಡು ಮಗನ ಖಾತೆಯಲ್ಲಿ ಅವನ ಸಂಬಳದ ಜೊತೆ ಬೆರೆತುಹೋಗಿದ್ದರೆ ಅವರು ಯಾವುದನ್ನು ಎಣಿಸಬೇಕು? ಊರಿನ ಹಿರಿಯರ ಮುಂದೆ ಈ ಪ್ರಶ್ನೆ ಇಟ್ಟು ನೋಡಿ. "ಹೆಣ್ಣುಮಕ್ಕಳ ಹಕ್ಕು" ಅಂದಾಗ ಮುಖ ತಿರುಗಿಸಿದವರೂ ಜಕಾತ್ ಅಂದ ಕೂಡಲೇ ಕೂತು ಕೇಳುತ್ತಾರೆ. ನಮ್ಮ ಗಲ್ಲಿಯಲ್ಲಿ ನಾನು ಮಾತು ಶುರು ಮಾಡಿದ್ದೇ ಹೀಗೆ.

ಹುಬ್ಬಳ್ಳಿ_ಹುಡುಗ

ಜಕಾತ್ ಮಾತು ಯೋಚಿಸಿರಲಿಲ್ಲ. ಒಪ್ಪುತ್ತೇನೆ. ಆದರೆ ಓಟಿಪಿ ಭಯಕ್ಕೆ ಏನು ಮಾಡೋದು? ಅದು ಸುಮ್ನೆ ಹೇಳಿದ ಮಾತಲ್ಲ. ನಮ್ಮ ಏರಿಯಾದಲ್ಲಿ ಇಬ್ಬರು ದುಡ್ಡು ಕಳೆದುಕೊಂಡಿದ್ದಾರೆ.

ಬಂಟ್ವಾಳ_ಬೀಡಿಮನೆ

ನಮ್ಮ ಕಡೆ ಬ್ಯಾರಿ (ಕರಾವಳಿಯ ಮುಸ್ಲಿಂ) ಮನೆಗಳಲ್ಲಿ ಅಜ್ಜಿ, ಅಮ್ಮ ಎಲ್ಲ ಬೀಡಿ ಕಟ್ಟಿದವರೇ. ಮಡಿಲಲ್ಲಿ ಗೆರಸಿ, ಎಲೆ, ಹೊಗೆಸೊಪ್ಪು, ನೂಲು. ವಾರಕ್ಕೊಮ್ಮೆ ಕಟ್ಟು ಒಯ್ದು ಕೊಟ್ಟರೆ ಕಾಂಟ್ರಾಕ್ಟರ್ ಲೆಕ್ಕ ಮಾಡಿ ಕೊಡುತ್ತಿದ್ದ ದುಡ್ಡು. 2016ರ ನವೆಂಬರಲ್ಲಿ ನೋಟು ಬ್ಯಾನ್ ಆದಾಗ ವಾರದ ಮಜೂರಿಗೆ ನಗದೇ ಇಲ್ಲದೆ ಒದ್ದಾಡಿದ್ದು ಯಾರೂ ಮರೆತಿಲ್ಲ. ಆಮೇಲೆ ಮಜೂರಿ ಬ್ಯಾಂಕಿಗೆ ಬರೋದು ಜಾಸ್ತಿ ಆಯಿತು. ಪಾಸ್‌ಬುಕ್ ಅಮ್ಮನ ಹೆಸರಲ್ಲಿ, ಎಟಿಎಂ ಕಾರ್ಡ್ ಮಾತ್ರ ಮನೆಯ ಗಂಡಸರ ಜೇಬಲ್ಲಿ!

ಈಗಿನ ಹುಡುಗಿಯರು ಬೀಡಿ ಕಟ್ಟಲ್ಲ. ನನ್ನ ತಂಗಿ ಕೇಕ್ ಮಾಡುತ್ತಾಳೆ. ಅವಳ ಕ್ಯೂಆರ್ ಅವಳದೇ, ಪಿನ್ ಅವಳದೇ. ಅಮ್ಮನ ತಲೆಮಾರಿಗೂ ಅವಳ ತಲೆಮಾರಿಗೂ ಇರುವ ದೊಡ್ಡ ವ್ಯತ್ಯಾಸ ಅದು ಅನ್ನಿಸುತ್ತದೆ ನನಗೆ. ಓದು ಇಬ್ಬರದೂ ಅಷ್ಟಕ್ಕಷ್ಟೇ. ಆದರೆ ತಂಗಿ ಹದಿನೆಂಟು ತುಂಬಿದ ಕೂಡಲೇ ತನ್ನ ಹೆಸರಿಗೆ ಸಿಮ್ ತಗೊಂಡಳು.

ಟೆಕ್_ಜಯನಗರ

ನೀವೆಲ್ಲ ಇನ್ನೂ ಯುಪಿಐ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ವಯಸ್ಸಿನ ಹುಡುಗರು ಕ್ರಿಪ್ಟೋದಲ್ಲಿದ್ದಾರೆ. ಗಲ್ಫ್‌ನಿಂದ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ) ತರಿಸಿಕೊಂಡು ಇಲ್ಲಿ ಮಾರಿದರೆ ಎಕ್ಸ್‌ಚೇಂಜ್ ಅಂಗಡಿಗಿಂತ ಒಳ್ಳೆ ರೇಟ್ ಸಿಗುತ್ತದೆ. ಬ್ಯಾಂಕಿನ ಹಂಗಿಲ್ಲ, ಬಡ್ಡಿಯೂ ಇಲ್ಲ. ಹೆಂಗಸರಿಗೆ ಇದೇ ಸ್ವಾತಂತ್ರ್ಯ ಕೊಡುತ್ತದೆ ಅಲ್ವಾ?

ಶಿವಮೊಗ್ಗ_ಟೈಲರ್

ಟೆಕ್ ಅವರೇ, ನನ್ನ ಅನುಭವ ಕೇಳಿ, ಆಮೇಲೆ ಹೇಳಿ.

ಒಂದು ಬೆಳಿಗ್ಗೆ ನನ್ನ ಖಾತೆಯಿಂದ ಲೈನಿಂಗ್ ಬಟ್ಟೆಗೆ ದುಡ್ಡು ಕಳಿಸಲು ಹೋದೆ, ಹೋಗಲಿಲ್ಲ. ಬ್ಯಾಂಕಿಗೆ ಹೋದರೆ ಖಾತೆ ಹೋಲ್ಡ್ ಆಗಿದೆ ಅಂದರು. ಯಾಕೆ? ಯಾರೋ ಒಬ್ಬರು ಬ್ಲೌಸ್ ಹೊಲಿಗೆಗೆ ಕಳಿಸಿದ ದುಡ್ಡಿನ ಹಿಂದೆ ಬೇರೆ ರಾಜ್ಯದ ಒಂದು ಸೈಬರ್ ವಂಚನೆ ಕೇಸ್ ಇತ್ತು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಬಂದು ಅದರ ಒಂದು ತುಣುಕು ನನ್ನ ಹತ್ತಿರ ಬಿದ್ದಿತ್ತು. ನಾನು ಹೊಲಿದು ಕೊಟ್ಟು ಪಡೆದ ಮಜೂರಿ ಅದು. ಆ ಒಂದು ಪಾವತಿಗಾಗಿ ಪೂರ್ತಿ ಖಾತೆ ನಿಂತಿತು. ಮಗಳ ಫೀಸ್ ದುಡ್ಡೂ ಅದರಲ್ಲೇ ಇತ್ತು. ಕೌಂಟರಿನಲ್ಲಿ ಇದ್ದವರು "ನಮ್ಮ ಕೈಯಲ್ಲಿಲ್ಲ ಮೇಡಂ" ಅಂದು ಮುಂದಿನವರನ್ನು ಕರೆದರು. ಬುರ್ಖಾ ಹಾಕಿಕೊಂಡು ನಿಂತವಳ ಖಾತೆಯ ಮೇಲೆ ಪೊಲೀಸ್ ಕೇಸ್ ಅಂತ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದ್ದು ನನಗೆ ಇವತ್ತಿಗೂ ಉರಿಯುತ್ತದೆ.

ನನ್ನನ್ನು ಉಳಿಸಿದ್ದು ಆರ್ಡರ್ ಪುಸ್ತಕ. ತಾರೀಖು, ಅಳತೆ, ಎಷ್ಟು ಮಜೂರಿ, ಯಾರ ನಂಬರಿಂದ ದುಡ್ಡು ಬಂತು ಎಲ್ಲ ಬರೆದಿಟ್ಟಿದ್ದೆ. ಬ್ಲೌಸಿನ ಫೋಟೋ ವಾಟ್ಸಾಪಿನಲ್ಲಿತ್ತು. ಬ್ಯಾಂಕಿನಿಂದ ದೂರು ಸಂಖ್ಯೆ ಕೇಳಿ ಪಡೆದು, ಆ ಠಾಣೆಗೆ ಎಲ್ಲವನ್ನೂ ಮೇಲ್ ಮಾಡಿದ ಮೇಲೆ ಆ ಮೊತ್ತ ಮಾತ್ರ ಹಿಡಿದಿಟ್ಟು ಉಳಿದದ್ದು ಬಿಟ್ಟರು. ಯುಎಸ್‌ಡಿಟಿ ಮಾರುವಾಗ ಗೊತ್ತಿಲ್ಲದವರಿಂದ ನಿಮ್ಮ ಖಾತೆಗೆ ದುಡ್ಡು ಬರುತ್ತದಲ್ಲ, ಅದು ಎಲ್ಲಿಂದ ಬಂತು ಅಂತ ತೋರಿಸಲು ನಿಮ್ಮ ಹತ್ತಿರ ಯಾವ ಪುಸ್ತಕ ಇರುತ್ತದೆ?

ಲೆಕ್ಕ_ಪುಸ್ತಕ

ಶಿವಮೊಗ್ಗದ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಆ ಪುಸ್ತಕವನ್ನು ಎಲ್ಲರೂ ಇಡಬೇಕು. ಇದಕ್ಕೆ ಸೇರಿಸಿ ಹೇಳುತ್ತೇನೆ, ಕಾಲೇಜು ಹುಡುಗರಿಗೆ "ನಿನ್ನ ಖಾತೆ ಬಾಡಿಗೆಗೆ ಕೊಡು, ಕಮಿಷನ್ ಕೊಡುತ್ತೇವೆ" ಅಂತ ಬರುವವರಿದ್ದಾರೆ. ಅಮ್ಮನ ವ್ಯಾಪಾರವೂ ಅದೇ ಖಾತೆಯಲ್ಲಿ ನಡೆಯುತ್ತಿದ್ದರೆ ಮನೆಯೇ ನಿಂತುಹೋಗುತ್ತದೆ.

ಕ್ರಿಪ್ಟೋ ಲಾಭದ ಮೇಲೆ 2022ರ ಏಪ್ರಿಲ್‌ನಿಂದ 30% ತೆರಿಗೆ. ಆ ವರ್ಷದ ಜುಲೈನಿಂದ ಮಾರಾಟದ ಮೇಲೆ 1% ಟಿಡಿಎಸ್. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಅನ್ನೋ ಕ್ರಿಪ್ಟೋ ಎಕ್ಸ್‌ಚೇಂಜ್‌ಗೆ ಕನ್ನ ಬಿದ್ದು ಸುಮಾರು 2,000 ಕೋಟಿ ರೂಪಾಯಿ ಬೆಲೆಯ ಕ್ರಿಪ್ಟೋ ಹೋಯಿತು, ಇಟ್ಟವರೆಲ್ಲ ಕಾಯುತ್ತಾ ಕೂತರು. ಸಮೋಸಾ ಪಟ್ಟಿಯ ಬಂಡವಾಳ ಇಡುವ ಜಾಗ ಅದಲ್ಲ.

ಕಲಬುರಗಿ_ಟೀಚರ್

ಬಡ್ಡಿ ಇಲ್ಲ ಅಂದ ಮಾತ್ರಕ್ಕೆ ಹಲಾಲ್ ಆಗಲ್ಲ. ಕ್ರಿಪ್ಟೋ ಬಗ್ಗೆ ಉಲೆಮಾಗಳಲ್ಲೇ (ಧರ್ಮ ವಿದ್ವಾಂಸರಲ್ಲೇ) ಒಮ್ಮತ ಇಲ್ಲ. 2018ರಲ್ಲಿ ಈಜಿಪ್ಟಿನ ಮುಫ್ತಿ ಬಿಟ್‌ಕಾಯಿನ್ ವ್ಯವಹಾರ ಬೇಡ ಅಂದರು. 2021ರಲ್ಲಿ ಇಂಡೋನೇಷ್ಯಾದ ಉಲೆಮಾ ಮಂಡಳಿ ಅದನ್ನು ಹಣವಾಗಿ ಬಳಸೋದು ಹರಾಮ್ ಅಂದಿತು. ಮಲೇಷ್ಯಾದಲ್ಲಿ 2020ರಲ್ಲೇ ನೋಂದಾಯಿತ ಎಕ್ಸ್‌ಚೇಂಜಿನಲ್ಲಿ ವ್ಯವಹಾರಕ್ಕೆ ಒಪ್ಪಿಗೆ ಕೊಟ್ಟಿದ್ದರು. ನೀವು ಯಾರ ಮಾತು ಕೇಳುತ್ತೀರೋ ನಿಮಗೆ ಬಿಟ್ಟದ್ದು.

ಆದರೆ ಹಲಾಲ್ ಅನ್ನೋ ಹಣೆಪಟ್ಟಿ ನೋಡಿ ದುಡ್ಡು ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. 2019ರ ಜೂನ್‌ನಲ್ಲಿ ಶಿವಾಜಿನಗರದ ಐಎಂಎ ಅನ್ನೋ ಹಲಾಲ್ ಹೂಡಿಕೆ ಕಂಪನಿ ಬಾಗಿಲು ಹಾಕಿದಾಗ ಬೀದಿಯಲ್ಲಿ ನಿಂತು ಅತ್ತವರಲ್ಲಿ ಎಷ್ಟು ಹೆಂಗಸರಿದ್ದರು! ದೂರು ಕೊಟ್ಟವರೇ 40,000ಕ್ಕೂ ಜಾಸ್ತಿ. ಒಡವೆ ಮಾರಿ ಹಾಕಿದವರಿದ್ದರು, ಮಗಳ ಮದುವೆಗೆ ಇಟ್ಟದ್ದನ್ನು ಹಾಕಿದವರಿದ್ದರು. ಬಡ್ಡಿ ಬೇಡ ಅನ್ನುವ ಅವರ ಒಳ್ಳೆಯತನವನ್ನೇ ಹಿಡಿದು ಲೂಟಿ ಮಾಡಿದರು.

ಬ್ಯಾಂಕ್_ಕೌಂಟರ್

ಡಿಜಿಟಲ್ ಕರೆನ್ಸಿ ಅಂದಾಗ ಯಾರೂ ಇ-ರುಪಾಯಿ ಹೆಸರೆತ್ತಲಿಲ್ಲ. ಅದು ರಿಸರ್ವ್ ಬ್ಯಾಂಕೇ ಹೊರಡಿಸುವ ದುಡ್ಡು. 2022ರ ಡಿಸೆಂಬರ್ 1ರಂದು ಜನಸಾಮಾನ್ಯರ ಪ್ರಯೋಗ ಶುರುವಾದ ನಾಲ್ಕು ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಫೋನಿನ ವಾಲೆಟ್‌ನಲ್ಲಿ ನೋಟಿನ ಹಾಗೆಯೇ 10, 50, 100ರ ಮುಖಬೆಲೆಯಲ್ಲಿ ಇರುತ್ತದೆ. ಮಾಮೂಲಿ ಯುಪಿಐ ಕ್ಯೂಆರ್ ಸ್ಕ್ಯಾನ್ ಮಾಡಿಯೂ ಕೊಡಬಹುದು. ಅದಕ್ಕೆ ಬಡ್ಡಿ ಬರಲ್ಲ. ಉಳಿತಾಯ ಖಾತೆಗೆ ಬೀಳುವ ಬಡ್ಡಿಯನ್ನು ಪ್ರತ್ಯೇಕ ತೆಗೆದು ದಾನ ಮಾಡುವ ಗ್ರಾಹಕರು ನನಗೆ ಗೊತ್ತು. ಅಂಥವರಿಗೆ ಇದು ಇಷ್ಟ ಆಗಬಹುದು. ಆದರೆ ಕರೆಂಟ್ ಖಾತೆಗೂ ಬಡ್ಡಿ ಇಲ್ಲ. ಮನೆ ವ್ಯಾಪಾರಕ್ಕೆ ಸದ್ಯ ಯುಪಿಐ ಸಾಕು. ಗಿರಾಕಿಗಳು ಇರೋದು ಅಲ್ಲಿ.

ಗಲ್ಫ್ ವಿಷಯಕ್ಕೆ: ಯುಎಇ, ಸೌದಿ, ಕತಾರ್, ಒಮಾನ್ ನಂಬರ್ ಇಟ್ಟುಕೊಂಡೇ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಗೆ ಯುಪಿಐ ಜೋಡಿಸಲು 2023ರಲ್ಲೇ ಅವಕಾಶ ಬಂದಿದೆ. ದುಬೈಯಲ್ಲಿರುವ ಗಂಡ ತನ್ನ ಇಲ್ಲಿನ ಖಾತೆಯಿಂದ ಹೆಂಡತಿಗೆ ನೇರವಾಗಿ ಕಳಿಸಬಹುದು. ಯುಎಸ್‌ಡಿಟಿ ಉಸಾಬರಿ ಬೇಕಿಲ್ಲ.

ಟೆಕ್_ಜಯನಗರ

ಖಾತೆ ಹೋಲ್ಡ್ ಆಗುವ ವಿಷಯ ಇಷ್ಟು ಗಂಭೀರ ಅಂತ ಗೊತ್ತಿರಲಿಲ್ಲ. ನನ್ನ ಕಸಿನ್‌ಗೆ ಈ ಚರ್ಚೆಯ ಲಿಂಕ್ ಕಳಿಸುತ್ತಿದ್ದೇನೆ.

ಮಂಡಿ_ಮೊಹಲ್ಲಾ

ಹುಬ್ಬಳ್ಳಿ ತಮ್ಮನ ಓಟಿಪಿ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ನಮ್ಮ ಗಲ್ಲಿಯಲ್ಲಿ ನಾವು ಮಾಡಿಕೊಂಡದ್ದು ಹೇಳುತ್ತೇನೆ.

ಗೃಹಲಕ್ಷ್ಮಿ ದುಡ್ಡು ಬರುವ ಖಾತೆ ಇದೆಯಲ್ಲ, ಅದು ಅವರದೇ ಹೆಸರಲ್ಲಿರುತ್ತದೆ, ಆಧಾರ್ ಜೋಡಿಸಿರುತ್ತದೆ. 2023ರ ಆಗಸ್ಟ್‌ನಿಂದ ಎಷ್ಟೋ ಹೆಂಗಸರಿಗೆ ನಿಜವಾಗಿ ಓಡಾಡುವ ಖಾತೆ ಅಂತ ಆದದ್ದೇ ಅದರಿಂದ. ಹೊಸ ಖಾತೆಗೆ ಅಲೆಯದೆ ಅದಕ್ಕೇ ಯುಪಿಐ ಹಾಕಿ. ಎಟಿಎಂ ಕಾರ್ಡ್ ಇಲ್ಲದಿದ್ದರೂ ಆಧಾರ್ ಓಟಿಪಿಯಿಂದ ಪಿನ್ ಮಾಡಬಹುದು. ಆ್ಯಪ್ ಭಾಷೆ ಕನ್ನಡಕ್ಕೋ ಉರ್ದುವಿಗೋ ಬದಲಿಸಿ. ವ್ಯಾಪಾರ ಬೆಳೆದರೆ ಆಮೇಲೆ ಅದಕ್ಕೇ ಒಂದು ಕರೆಂಟ್ ಖಾತೆ ಮಾಡಿಸಿದರಾಯಿತು.

ಕಲಿಸುವಾಗ ನಾನು ಒಂದೇ ಮಾತು ಹತ್ತು ಸಲ ಹೇಳುತ್ತೇನೆ: ದುಡ್ಡು ಬರೋದಕ್ಕೆ ಪಿನ್ ಬೇಡ. ಯಾರಾದರೂ "ದುಡ್ಡು ಕಳಿಸುತ್ತಿದ್ದೇನೆ, ಪಿನ್ ಹಾಕಿ" ಅಂದರೆ ಅವರು ಕಳ್ಳರು. ಸ್ಕ್ರೀನ್‌ಶಾಟ್ ನಂಬಬೇಡಿ, ಸೌಂಡ್‌ಬಾಕ್ಸ್ ಕೂಗಿದ ಮೇಲೆ ಕವರ್ ಕೊಡಿ. ಮೋಸ ಆದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಇಷ್ಟು ಅರ್ಥ ಆದ ಮೇಲೆ ಐವತ್ತು ದಾಟಿದವರೂ ಧೈರ್ಯವಾಗಿ ಬಳಸುತ್ತಿದ್ದಾರೆ. ಕಲಿಸಿದವರು ಹೆಚ್ಚಾಗಿ ಪಿಯುಸಿ, ಡಿಗ್ರಿ ಓದುವ ಹೆಣ್ಣುಮಕ್ಕಳು. ಗಂಡುಮಕ್ಕಳು "ಕೊಡಿ ನಾನೇ ಮಾಡುತ್ತೇನೆ" ಅಂತ ಫೋನ್ ತಗೊಂಡುಬಿಡುತ್ತಾರೆ. ಹುಡುಗಿಯರು ಪಕ್ಕದಲ್ಲಿ ಕೂತು ಅವರ ಬೆರಳಿಂದಲೇ ಒತ್ತಿಸುತ್ತಾರೆ.

ಸಾಮಾನು ತರಲು ಮಗನೇ ಹೋಗಬೇಕು ಅಂದರೆ 2024ರಲ್ಲಿ ಬಂದ ಯುಪಿಐ ಸರ್ಕಲ್ ನೋಡಿ. ಖಾತೆ ಅಮ್ಮಿಯದು, ಮಗ ಅದರಿಂದ ತಿಂಗಳಿಗೆ 15,000ದವರೆಗೆ, ಒಂದು ಸಲಕ್ಕೆ 5,000ದವರೆಗೆ ಖರ್ಚು ಮಾಡಬಹುದು. ಮಿತಿ ಇನ್ನೂ ಕಡಿಮೆ ಬೇಕಂದರೆ ಅಮ್ಮಿಯೇ ಇಡಬಹುದು.

ಹುಬ್ಬಳ್ಳಿ_ಹುಡುಗ

ಇದು ಆಗುವ ಮಾತು. ಅಮ್ಮಿಗೆ ಓದಿ ಹೇಳಿದೆ. "ಹಾಗಾದರೆ ಮಟನ್ ಅಂಗಡಿಗೆ ಎಷ್ಟು ಕೊಟ್ಟೆ ಅಂತ ನನ್ನ ಫೋನಿಗೇ ಮೆಸೇಜ್ ಬರುತ್ತಾ?" ಅಂತ ಅವರು ಕೇಳಿದ ಮೊದಲ ಪ್ರಶ್ನೆ. ಬರುತ್ತದೆ ಅಂದೆ. ನಾಳೆಯೇ ಮಾಡು ಅಂದರು.

ತುಮಕೂರು_ಅಗರಬತ್ತಿ

ನಾನು ಇಲ್ಲಿ ಮೊದಲ ಸಲ ಬರೆಯುತ್ತಿರೋದು. ನನಗೆ ತಲಾಖ್ ಆಗಿದೆ. ಅಗರಬತ್ತಿ ಹೊಸೆಯುತ್ತೇನೆ, ಸ್ವಂತ ಪ್ಯಾಕೆಟ್ ಮಾಡಿ ಮಾರಬೇಕು ಅಂತ ಆಸೆ. ನನ್ನ ಬ್ಯಾಂಕಿಗೂ ಆಧಾರಿಗೂ ಮಾಜಿ ಗಂಡನ ಮೊಬೈಲ್ ನಂಬರೇ ಇದೆ. ಓಟಿಪಿ ಎಲ್ಲ ಅವರಿಗೇ ಹೋಗುತ್ತದೆ. ಅವರನ್ನು ಕೇಳಲು ನನಗೆ ಮನಸ್ಸಿಲ್ಲ. ನಾನೇನು ಮಾಡಲಿ?

ಬ್ಯಾಂಕ್_ಕೌಂಟರ್

ಅವರನ್ನು ಕೇಳಲೇ ಬೇಡಿ ಅಕ್ಕ. ಹಳೆಯ ನಂಬರಿಗೆ ಬರುವ ಓಟಿಪಿ ಇಲ್ಲದೆಯೇ ಎರಡೂ ಬದಲಾಗುತ್ತವೆ. ಮೊದಲು ನಿಮ್ಮ ಹೆಸರಿಗೆ ಒಂದು ಸಿಮ್ ತಗೊಳ್ಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬದಲಿಸಲು ನಿಮ್ಮ ಬೆರಳಚ್ಚು ಸಾಕು. ಆಧಾರ್ ಕೇಂದ್ರಕ್ಕೆ ಹೋಗಬಹುದು, ಇಲ್ಲವೇ ಅಂಚೆ ಕಚೇರಿಯಲ್ಲಿ ಕೇಳಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೇವೆ 2021ರಿಂದ ಇದೆ. ಆಮೇಲೆ ಬ್ಯಾಂಕಿಗೆ ಪಾಸ್‌ಬುಕ್, ಆಧಾರ್ ತಗೊಂಡು ಹೋಗಿ, ಮೊಬೈಲ್ ನಂಬರ್ ಬದಲಾವಣೆಯ ಅರ್ಜಿ ಕೊಡಿ. ಹಳೆಯ ನಂಬರಿನಲ್ಲಿರುವ ಯುಪಿಐ, ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಿ ಅಂತ ಅದರಲ್ಲೇ ಬರೆದು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಲೆಕ್ಕ_ಪುಸ್ತಕ

ತುಮಕೂರು ಅಕ್ಕ, ಅದಾದ ಮೇಲೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ಶ್ರಮಶಕ್ತಿ ವಿಶೇಷ ಮಹಿಳಾ ಯೋಜನೆ ಬಗ್ಗೆ ಕೇಳಿ. ವಿಧವೆಯರು, ತಲಾಖ್ ಆದವರು, ಮದುವೆ ಆಗದವರಿಗೇ ಅಂತ ಇರುವ ಯೋಜನೆ. 50,000 ರೂಪಾಯಿ ಸಾಲ, ಅರ್ಧ ಸರಿಯಾಗಿ ತೀರಿಸಿದರೆ ಇನ್ನರ್ಧ ಸಹಾಯಧನ. ಈ ವರ್ಷದ ಅರ್ಜಿ ಯಾವಾಗ ಅಂತ ಅಲ್ಲೇ ಹೇಳುತ್ತಾರೆ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಅರ್ಜಿ ತುಂಬಲು ನಾನು ಸಹಾಯ ಮಾಡುತ್ತೇನೆ, ಇಲ್ಲಿಯೇ ಕೇಳಿ.

ತುಮಕೂರು_ಅಗರಬತ್ತಿ

ಸಿಮ್ ತಗೊಳ್ಳಲು ನಾಳೆ ಅಕ್ಕನ ಜೊತೆ ಹೋಗುತ್ತಿದ್ದೇನೆ. ಬ್ಯಾಂಕಿನಲ್ಲಿ ಆಗಲ್ಲ ಅಂದರೆ ಇಲ್ಲಿ ಬಂದು ಬರೆಯುತ್ತೇನೆ.